ಅಮೆರಿಕದ ಕಾಲೇಜು ಪ್ರವೇಶ: ಜನಾಂಗದ ಹಿನ್ನೆಲೆ ಈಗ ಎಲ್ಲಿ ಎಣಿಕೆಗೆ ಬರುತ್ತದೆ, ಎಲ್ಲಿ ಬರುವುದಿಲ್ಲ

ಅರ್ಜಿಯ ಜನಾಂಗದ ಕಾಲಂನಲ್ಲಿ ‘ಏಷ್ಯನ್’ ಎಂದು ಗುರುತು ಹಾಕಿದರೆ ಸೀಟು ಕೈತಪ್ಪುತ್ತದೆಯೇ? ಆ ಕಾಲಂ ಖಾಲಿ ಬಿಟ್ಟರೆ ಒಳ್ಳೆಯದೇ? ಭಾರತೀಯ ಮೂಲದವಳೆಂದು ಗೊತ್ತಾಗದಂತೆ ಮಗಳಿಂದ ಪ್ರಬಂಧ ಬರೆಸಬೇಕೇ? ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಕ್ಕಳು ಹನ್ನೊಂದನೇ ತರಗತಿಗೆ ಬರುತ್ತಿದ್ದಂತೆ ಏಳುವ ಪ್ರಶ್ನೆಗಳಿವು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ನೇರವಾಗಿ ಅರ್ಜಿ ಹಾಕುವವರಿಗೂ ಇದೇ ಗೊಂದಲ. ಚಿಕ್ಕ ಉತ್ತರ ಇಷ್ಟು: ಆ ಕಾಲಂ ತುಂಬಿದ್ದರಿಂದ ಈಗ ಸೀಟು ಸಿಗುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ನಿಮ್ಮ ಹಿನ್ನೆಲೆ ಅರ್ಜಿಯ ಬೇರೆ ನಾಲ್ಕೈದು ಜಾಗಗಳಲ್ಲಿ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನವರು ಕಾಲಂನ ಚಿಂತೆಯಲ್ಲಿ ಆ ಜಾಗಗಳನ್ನು ಹಾಳುಮಾಡಿಕೊಳ್ಳುತ್ತಾರೆ.

ಮೊದಲು ಸಿಇಟಿಯ ಲೆಕ್ಕ ಮರೆಯಬೇಕು. ನಮ್ಮಲ್ಲಿ ರ‍್ಯಾಂಕ್ ಇದೆ, 2ಎ, 3ಬಿ ಎಂಬ ಪ್ರವರ್ಗಗಳಿವೆ, ಪ್ರತಿ ಪ್ರವರ್ಗಕ್ಕೂ ಇಂತಿಷ್ಟು ಎಂದು ಸೀಟು ತೆಗೆದಿಟ್ಟಿರುತ್ತಾರೆ. ಜಾತಿ ಪ್ರಮಾಣಪತ್ರದ ಆರ್‌.ಡಿ. ನಂಬರ್ ಹಾಕಿದರೆ ಪರಿಶೀಲನೆ ಆಗುತ್ತದೆ, ಹಿಂದಿನ ವರ್ಷದ ಕಟ್‌ಆಫ್ ನೋಡಿ ಯಾವ ಕಾಲೇಜು ಸಿಗಬಹುದೆಂದು ಹೇಳಬಹುದು. ಅಮೆರಿಕದಲ್ಲಿ ಇದ್ಯಾವುದೂ ಇಲ್ಲ. ಜನಾಂಗಕ್ಕೆ ಇಷ್ಟು ಎಂದು ಸೀಟು ಕಾದಿರಿಸುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1978ರ ಬ್ಯಾಕಿ ಪ್ರಕರಣದಲ್ಲೇ ತಳ್ಳಿಹಾಕಿತು. ಆಮೇಲೆ ಉಳಿದದ್ದು, ಹಲವು ಅಂಶಗಳ ನಡುವೆ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಎಂಬ ಅನುಮತಿ ಮಾತ್ರ. ಮಿಷಿಗನ್ ವಿಶ್ವವಿದ್ಯಾಲಯ ಪದವಿ ಪ್ರವೇಶಕ್ಕೆ 150 ಅಂಕಗಳ ಪಟ್ಟಿಯಿಟ್ಟುಕೊಂಡು ಕಪ್ಪು, ಹಿಸ್ಪಾನಿಕ್ ಮತ್ತು ಮೂಲನಿವಾಸಿ ಅರ್ಜಿದಾರರಿಗೆ ನೇರವಾಗಿ 20 ಅಂಕ ಕೊಡುತ್ತಿತ್ತು. 2003ರ ಗ್ರಾಟ್ಜ್ ತೀರ್ಪು ಅದನ್ನೂ ನಿಲ್ಲಿಸಿತು.

ಕಾನೂನು ಈಗ ಎಲ್ಲಿ ನಿಂತಿದೆ

2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಆ ಅನುಮತಿಯನ್ನೂ ತೆಗೆದುಹಾಕಿತು. ಒಬ್ಬ ಅರ್ಜಿದಾರ ಯಾವ ಜನಾಂಗದವನು ಎಂಬುದನ್ನೇ ಕಾರಣವಾಗಿಟ್ಟು ಪ್ರವೇಶ ಕೊಡುವಂತಿಲ್ಲ, ನಿರಾಕರಿಸುವಂತಿಲ್ಲ. ಕೇಂದ್ರ ಸರ್ಕಾರದ ಹಣ ಪಡೆಯುವ ಖಾಸಗಿ ಕಾಲೇಜುಗಳಿಗೂ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮೂಲಕ ಇದು ಅನ್ವಯಿಸುತ್ತದೆ. ಹಣ ಪಡೆಯದ ಕಾಲೇಜುಗಳು ಬೆರಳೆಣಿಕೆಯಷ್ಟು.

ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಬಾಗಿಲು ತೆರೆದಿಟ್ಟರು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಬರೆದರೆ ಕಾಲೇಜು ಅದನ್ನು ಓದಬಹುದು, ಪರಿಗಣಿಸಬಹುದು. ಷರತ್ತು ಒಂದೇ: ಲಾಭ ಸಿಗಬೇಕಾದದ್ದು ಆ ಅನುಭವದಲ್ಲಿ ಕಂಡ ಧೈರ್ಯಕ್ಕೆ, ಹಟಕ್ಕೆ ಅಥವಾ ನಾಯಕತ್ವಕ್ಕೆ, ಚರ್ಮದ ಬಣ್ಣಕ್ಕಲ್ಲ. ಈ ಷರತ್ತನ್ನು ಬಾಯಿಪಾಠ ಮಾಡಿಕೊಳ್ಳಿ. ಮುಂದೆ ಪ್ರಬಂಧದ ಬಗ್ಗೆ ಹೇಳುವುದೆಲ್ಲ ಇದರಿಂದಲೇ ಹುಟ್ಟುತ್ತದೆ.

ಕೆಲವು ರಾಜ್ಯಗಳಲ್ಲಿ ಇದು ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ, ವಾಷಿಂಗ್ಟನ್ ರಾಜ್ಯದವರು 1998ರಲ್ಲಿ, ಮಿಷಿಗನ್‌ನವರು 2006ರಲ್ಲಿ ತಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದನ್ನು ನಿಷೇಧಿಸಿದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ, ಯುಸಿಎಲ್‌ಎ ಕ್ಯಾಂಪಸ್‌ಗಳಲ್ಲಿ ಕಾಲು ಶತಮಾನದಿಂದ ಜನಾಂಗ ಲೆಕ್ಕಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷರ ಆದೇಶ ಬಂದು, ಕಾಲೇಜುಗಳು ಜನಾಂಗವಾರು ಅರ್ಜಿ ಮತ್ತು ಪ್ರವೇಶದ ಅಂಕಿಅಂಶವನ್ನು ಸರ್ಕಾರಕ್ಕೆ ಕೊಡಬೇಕೆಂದಿತು. ಪ್ರವೇಶ ಕಚೇರಿಗಳು ಈಗ ಮೊದಲಿಗಿಂತ ಜಾಗ್ರತೆಯಿಂದಿವೆ.

ಫಾರ್ಮಿನ ಕಾಲಂ: ಹೇಗೆ ತುಂಬಬೇಕು

ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ಆನ್‌ಲೈನ್ ತಾಣವಾದ ಕಾಮನ್ ಆ್ಯಪ್‌ನಲ್ಲಿ ಈ ಪ್ರಶ್ನೆ ‘ಪ್ರೊಫೈಲ್’ ಭಾಗದ ‘ಡೆಮೊಗ್ರಾಫಿಕ್ಸ್’ ಅಡಿಯಲ್ಲಿದೆ. ಉತ್ತರ ಕಡ್ಡಾಯವಲ್ಲ. ಮೊದಲು ಹಿಸ್ಪಾನಿಕ್ ಅಥವಾ ಲ್ಯಾಟಿನೊ ಹೌದೋ ಅಲ್ಲವೋ ಎಂದು ಕೇಳುತ್ತಾರೆ, ನಂತರ ಜನಾಂಗಗಳ ಪಟ್ಟಿ ಬರುತ್ತದೆ. ‘ಏಷ್ಯನ್’ ಆರಿಸಿದರೆ ಅದರೊಳಗೆ ‘ಇಂಡಿಯಾ’ ಇರುತ್ತದೆ. ತಂದೆ ಕನ್ನಡಿಗರು, ತಾಯಿ ಬಿಳಿಯರು ಎಂದಿದ್ದರೆ ಎರಡನ್ನೂ ಗುರುತಿಸಬಹುದು.

ಇಲ್ಲಿ ನಮ್ಮವರು ಪದೇ ಪದೇ ಮಾಡುವ ತಪ್ಪೊಂದಿದೆ. ‘ಅಮೆರಿಕನ್ ಇಂಡಿಯನ್’ ಎಂಬುದನ್ನು ನೋಡಿ, ನಾವು ಅಮೆರಿಕದಲ್ಲಿರುವ ಇಂಡಿಯನ್ನರು ತಾನೇ ಎಂದು ಅದಕ್ಕೆ ಗುರುತು ಹಾಕಿಬಿಡುತ್ತಾರೆ. ಅದು ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಿಗೆ ಸೇರಿದ್ದು; ಅದನ್ನು ಆರಿಸಿದರೆ ಯಾವ ಬುಡಕಟ್ಟು, ಅಲ್ಲಿ ಹೆಸರು ನೋಂದಣಿಯಾಗಿದೆಯೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅರಿಯದೆ ಆದದ್ದಾದರೆ ಕಳಿಸುವ ಮುಂಚೆ ತಿದ್ದಿ. ಕಳಿಸಿ ಆಗಿದ್ದರೆ ಪ್ರತಿ ಕಾಲೇಜಿನ ಪ್ರವೇಶ ಕಚೇರಿಗೂ ಎರಡು ಸಾಲಿನ ಇಮೇಲ್ ಬರೆದು ಸರಿಪಡಿಸಿ. ಬೇಕೆಂದೇ ಸುಳ್ಳು ಹೇಳಿದವರ ಪ್ರವೇಶವನ್ನು ಕೊಟ್ಟ ಮೇಲೂ ಹಿಂಪಡೆಯುವ ಅಧಿಕಾರ ಕಾಲೇಜಿಗಿದೆ. ಅರ್ಜಿಯ ಕೊನೆಯಲ್ಲಿ ಎಲ್ಲವೂ ಸತ್ಯವೆಂದು ಸಹಿ ಹಾಕಿರುತ್ತೀರಿ.

2023ರ ಆಗಸ್ಟ್‌ನಿಂದ, ಈ ಉತ್ತರ ಅರ್ಜಿ ಓದುವವರ ಕಣ್ಣಿಗೆ ಬೀಳದಂತೆ ಮುಚ್ಚಿಡುವ ಸೌಲಭ್ಯವನ್ನು ಕಾಮನ್ ಆ್ಯಪ್ ಕಾಲೇಜುಗಳಿಗೆ ಕೊಟ್ಟಿದೆ. ಹಾಗಾಗಿ ಖಾಲಿ ಬಿಡುವುದರಿಂದ ಆಗುವ ಉಪಯೋಗ ಏನೂ ಇಲ್ಲ, ಹಾನಿಯೂ ಇಲ್ಲ. ಗುರುತು ಮರೆಮಾಚಲು ಹೊರಟವರು ಇನ್ನೊಂದನ್ನೂ ಯೋಚಿಸಬೇಕು. ಹೆಸರು ಗೌಡ ಅಥವಾ ಹೆಗಡೆ, ಅಪ್ಪ ಓದಿದ್ದು ದಾವಣಗೆರೆಯಲ್ಲಿ, ಮನೆಮಾತು ಕನ್ನಡ: ಇವೆಲ್ಲ ಅದೇ ಫಾರ್ಮಿನಲ್ಲಿ ಕಾಣುತ್ತವೆ. ಭರತನಾಟ್ಯ, ಕನ್ನಡ ಕೂಟದ ಕೆಲಸ ಇವನ್ನು ಪಟ್ಟಿಯಿಂದ ಕಿತ್ತುಹಾಕಿದರೆ ಮುಚ್ಚಿಹೋಗುವುದು ಜನಾಂಗವಲ್ಲ, ಹತ್ತು ವರ್ಷದ ದುಡಿಮೆ. ಹಾಗೆ ಮಾಡಿಸುವ ಸಲಹೆಗಾರರಿಗೆ ದುಡ್ಡು ಕೊಡಬೇಡಿ.

ಅದೇ ಪ್ರೊಫೈಲ್‌ನಲ್ಲಿ ಭಾಷೆಗಳ ಪ್ರಶ್ನೆಯಿದೆ: ಮೊದಲ ಭಾಷೆ, ಮಾತು, ಓದು, ಬರಹ, ಮನೆಯಲ್ಲಿ ಬಳಕೆ ಎಂದು ಬೇರೆ ಬೇರೆ ಚೌಕಗಳು. ಕನ್ನಡ ಮಾತಾಡಲು ಮಾತ್ರ ಬಂದರೆ ಓದು, ಬರಹದ ಚೌಕ ಮುಟ್ಟಬೇಡಿ. ಬಂದರೆ ಮುಟ್ಟಲು ಸಂಕೋಚ ಬೇಡ. ವಾರಾಂತ್ಯದ ಕನ್ನಡ ಶಾಲೆಗೆ ಹೈಸ್ಕೂಲು ಕ್ರೆಡಿಟ್ ಕೊಡುವ ಶಾಲಾ ಜಿಲ್ಲೆಗಳಿವೆ. ‘ಸೀಲ್ ಆಫ್ ಬೈಲಿಟರಸಿ’ ಎಂಬ ದ್ವಿಭಾಷಾ ಮುದ್ರೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 2011ರಲ್ಲಿ ಶುರುವಾಗಿ ದೇಶವೆಲ್ಲ ಹರಡಿದೆ. ನಿಮ್ಮ ಶಾಲೆಯಲ್ಲಿ ಕನ್ನಡಕ್ಕೆ ಪರೀಕ್ಷೆಯ ಏರ್ಪಾಡು ಇದೆಯೇ ಎಂದು ಹನ್ನೊಂದನೇ ತರಗತಿಯ ಆರಂಭದಲ್ಲೇ ಕೌನ್ಸೆಲರನ್ನು ಕೇಳಿ. ಹನ್ನೆರಡಕ್ಕೆ ಬಂದು ಕೇಳಿದರೆ ಫಲಿತಾಂಶ ಅರ್ಜಿಗೆ ಸೇರುವುದಿಲ್ಲ.

ಅಂಕಿಅಂಶ ಓದುವ ಬಗೆ

ತೀರ್ಪಿನ ನಂತರ ಸೇರಿದ ಮೊದಲ ತಂಡದ ಲೆಕ್ಕ 2024ರಲ್ಲಿ ಹೊರಬಂತು. ಎಂಐಟಿಯಲ್ಲಿ ಏಷ್ಯನ್ ಅಮೆರಿಕನ್ನರ ಪಾಲು ಸುಮಾರು ಶೇ. 40ರಿಂದ 47ಕ್ಕೆ ಏರಿತು, ಕಪ್ಪು ವಿದ್ಯಾರ್ಥಿಗಳ ಪಾಲು ಶೇ. 13ರಿಂದ 5ಕ್ಕೆ ಇಳಿಯಿತು. ಅಮ್ಹರ್ಸ್ಟ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ. 11ರಿಂದ 3ಕ್ಕೆ ಇಳಿದರು. ಹಾರ್ವರ್ಡ್‌ನಲ್ಲಿ ಏಷ್ಯನ್ ಅಮೆರಿಕನ್ನರು ಶೇ. 37ರಲ್ಲೇ ನಿಂತರು, ಯೇಲ್‌ನಲ್ಲಿ ಶೇ. 30ರಿಂದ 24ಕ್ಕೆ ಇಳಿದರು, ಪ್ರಿನ್ಸ್‌ಟನ್‌ನಲ್ಲೂ ಸ್ವಲ್ಪ ಇಳಿದರು. ‘ತೀರ್ಪು ಬಂತು, ಇನ್ನು ನಮ್ಮ ಮಕ್ಕಳಿಗೆ ಸಲೀಸು’ ಎಂಬ ಮಾತಿಗೆ ಈ ಸಂಖ್ಯೆಗಳಲ್ಲಿ ಆಧಾರವಿಲ್ಲ. ಇವೆಲ್ಲ ಸೇರಿದವರ ಪಾಲು, ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂಬುದಲ್ಲ. ಕಾಲಂ ಖಾಲಿ ಬಿಟ್ಟವರ ಸಂಖ್ಯೆ ಏರಿದರೂ ಪಾಲು ಅಲುಗಾಡುತ್ತದೆ.

ಇನ್ನೊಂದು ಹಳೆಯ ಸಂಖ್ಯೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ: ಏಷ್ಯನ್ನರಿಗೆ ಬಿಳಿಯರಿಗಿಂತ ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ 140 ಅಂಕ ಹೆಚ್ಚು ಬೇಕು ಎಂದು. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಥಾಮಸ್ ಎಸ್ಪೆನ್‌ಷೇಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು ಅದು. ಅದರ ದತ್ತಾಂಶ 1997ರದ್ದು. ಪ್ರಬಂಧ, ಶಿಫಾರಸು ಪತ್ರ ಇವು ಆ ಲೆಕ್ಕದಲ್ಲಿ ಇರಲಿಲ್ಲ. ಆ ಸಂಖ್ಯೆ ಹಿಡಿದು 1540 ಬಂದ ಹುಡುಗನನ್ನು ನಾಲ್ಕನೇ ಸಲ ಪರೀಕ್ಷೆಗೆ ಕೂರಿಸುವುದು ಅವನ ಬೇಸಿಗೆಯನ್ನು ಕಸಿದಂತೆ. 1600ಕ್ಕೆ 1500 ದಾಟಿದ ಮೇಲೆ ಆ ಸಮಯವನ್ನು ಪ್ರಬಂಧಕ್ಕೆ ಕೊಡಿ.

ಹಾರ್ವರ್ಡ್‌ನಲ್ಲಿ ಏಷ್ಯನ್ ಅಮೆರಿಕನ್ನರಿಗೆ ‘ವ್ಯಕ್ತಿತ್ವ’ದ ಅಂಕ ಸರಾಸರಿ ಕಡಿಮೆ ಬೀಳುತ್ತಿತ್ತು ಎಂದು ವಿಚಾರಣೆಯಲ್ಲಿ ತಿಳಿದದ್ದು ನಿಜ. ಕೆಳ ನ್ಯಾಯಾಲಯ ಅದರಲ್ಲಿ ಉದ್ದೇಶಪೂರ್ವಕ ತಾರತಮ್ಯ ಕಾಣಲಿಲ್ಲ, ಆದರೆ ಅಂತರವಿತ್ತು. ಅದೇ ದತ್ತಾಂಶದಿಂದ ತಿಳಿದ ಮತ್ತೊಂದು ವಿಷಯ ಇದಕ್ಕಿಂತ ದೊಡ್ಡದು: ಪ್ರವೇಶ ಸಿಕ್ಕ ಬಿಳಿಯರಲ್ಲಿ ಶೇ. 43ರಷ್ಟು ಮಂದಿ ಕ್ರೀಡಾ ನೇಮಕಾತಿಯವರು, ಹಳೆ ವಿದ್ಯಾರ್ಥಿಗಳ ಮಕ್ಕಳು, ಸಿಬ್ಬಂದಿಯ ಮಕ್ಕಳು, ಅಥವಾ ದಾನಿಗಳ ಮಕ್ಕಳಂಥವರ ಹೆಸರಿರುವ ಡೀನ್ ಪಟ್ಟಿಯಲ್ಲಿದ್ದವರು. ಉಳಿದ ಜನಾಂಗಗಳಲ್ಲಿ ಇದು ಶೇ. 16ನ್ನು ಮುಟ್ಟಿರಲಿಲ್ಲ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ 2023ರ ತೀರ್ಪಿನಿಂದ ಹೋಗಲಿಲ್ಲ. ಎಂಐಟಿ, ಅಮ್ಹರ್ಸ್ಟ್, ಜಾನ್ಸ್ ಹಾಪ್ಕಿನ್ಸ್‌ಗಳಲ್ಲಿ ಅದು ಇಲ್ಲ. ವಲಸೆ ಬಂದ ಮೊದಲ ತಲೆಮಾರಿನ ಮನೆಗಳು ಕಾಲೇಜು ಆರಿಸುವಾಗ ನೋಡಬೇಕಾದ ಮೊದಲ ವಿಷಯಗಳಲ್ಲಿ ಇದೊಂದು.

ಇದನ್ನು ಪತ್ತೆಹಚ್ಚುವುದು ಸುಲಭ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ. ಕಾಲೇಜೇ ಪ್ರಕಟಿಸುವ ಅಂಕಿಅಂಶದ ಪಟ್ಟಿ ಅದು. ಅದರ ಸಿ1 ಭಾಗದಲ್ಲಿ ಎಷ್ಟು ಅರ್ಜಿ, ಎಷ್ಟು ಪ್ರವೇಶ ಎಂದಿರುತ್ತದೆ. ಸಿ7ರಲ್ಲಿ ಯಾವ ಅಂಶಕ್ಕೆ ಎಷ್ಟು ಮಹತ್ವ ಎಂಬ ಪಟ್ಟಿಯಿದೆ: ಹಳೆ ವಿದ್ಯಾರ್ಥಿ ಸಂಬಂಧ, ಮನೆಯಲ್ಲಿ ಮೊದಲ ಪದವೀಧರರೇ, ಯಾವ ಊರಿನವರು, ಕಾಲೇಜಿನ ಬಗ್ಗೆ ತೋರಿದ ಆಸಕ್ತಿ ಎಷ್ಟು ಎಂಬುದೆಲ್ಲ. ಸಿ9ರಲ್ಲಿ ಸೇರಿದವರ ಎಸ್‌ಎಟಿ ಅಂಕ. ಬಿ2ರಲ್ಲಿ ಜನಾಂಗವಾರು ಸಂಖ್ಯೆ. ಇದನ್ನು ನೋಡಿ ಅವಕಾಶ ಅಳೆಯಬೇಡಿ, ಏಕೆಂದರೆ ಯಾವ ಜನಾಂಗದಿಂದ ಎಷ್ಟು ಅರ್ಜಿ ಬಂತೆಂದು ಅಲ್ಲಿ ಇರುವುದಿಲ್ಲ.

ಜನಾಂಗಕ್ಕಿಂತ ಹೆಚ್ಚು ತೂಗುವ ಎರಡು ಆಯ್ಕೆ

ನಮ್ಮ ಮಕ್ಕಳ ಅವಕಾಶ ಕುಗ್ಗಿಸುವುದು ಬಹುಪಾಲು ಒಂದೇ ಕಡೆ ನುಗ್ಗುವ ಅಭ್ಯಾಸ. ಎಲ್ಲರಿಗೂ ಕಂಪ್ಯೂಟರ್ ಸೈನ್ಸ್, ಎಲ್ಲರಿಗೂ ಅವೇ ಇಪ್ಪತ್ತು ಕಾಲೇಜು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಷಾಂಪೇನ್ ಕ್ಯಾಂಪಸ್‌ನಲ್ಲಿ ಒಟ್ಟು ಅರ್ಜಿದಾರರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಪ್ರವೇಶ ಸಿಕ್ಕಿದ ವರ್ಷಗಳಲ್ಲೂ ಕಂಪ್ಯೂಟರ್ ಸೈನ್ಸ್‌ಗೆ ಸಿಕ್ಕಿದ್ದು ಒಂದಂಕಿಯಷ್ಟು ಮಂದಿಗೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಥೆಯೂ ಅದೇ. ‘ಮೊದಲು ಇತಿಹಾಸ ಎಂದು ಹಾಕಿ ಒಳಗೆ ಹೋಗಲಿ, ಆಮೇಲೆ ಬದಲಿಸಿಕೊಳ್ಳಲಿ’ ಎಂಬ ಉಪಾಯ ಈ ಎರಡೂ ಕಡೆ ನಡೆಯುವುದಿಲ್ಲ. ಒಳಗಿನಿಂದ ಆ ವಿಭಾಗಕ್ಕೆ ಹೋಗುವ ದಾರಿ ಬಹಳ ಕಿರಿದು. ಇತಿಹಾಸದ ಒಂದು ಕೋರ್ಸೂ, ಚಟುವಟಿಕೆಯೂ ಇಲ್ಲದವರು ಆ ವಿಷಯ ಬರೆದರೆ ಅರ್ಜಿ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಉಪಾಯವಾಗಿ ಅಲ್ಲ, ನಿಜವಾದ ಆಸಕ್ತಿಯಿದ್ದರೆ ಅಂಕಿಅಂಶ ಶಾಸ್ತ್ರ, ಭಾಷಾವಿಜ್ಞಾನ ಮತ್ತು ಕಂಪ್ಯೂಟಿಂಗ್ ಸೇರಿದ ಪದವಿ, ಪರಿಸರ ಎಂಜಿನಿಯರಿಂಗ್ ಇಂಥವನ್ನು ನೋಡಿ.

ಎರಡನೆಯದು ಊರು. ಎಲ್ಲ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರಲಿ ಎಂದು ಬಯಸುವ ಖಾಸಗಿ ಕಾಲೇಜುಗಳು ಹಲವು. ಭಾರತೀಯರ ಮನೆಗಳು ಹೆಚ್ಚಿರುವ ಫ್ರಿಮಾಂಟ್ ಅಥವಾ ಎಡಿಸನ್‌ನ ಹುಡುಗಿ ಅಯೋವಾದ ಗ್ರಿನ್ನೆಲ್, ಮಿನೆಸೋಟಾದ ಕಾರ್ಲ್‌ಟನ್, ಒಹಾಯೊದ ಕೆನ್ಯನ್ ಇವುಗಳಿಗೆ ಅರ್ಜಿ ಹಾಕಿದರೆ, ತನ್ನ ಶಾಲೆಯದೇ ನಲವತ್ತು ಸಹಪಾಠಿಗಳ ಜೊತೆ ಸ್ಪರ್ಧಿಸಬೇಕಿಲ್ಲ. ಟೆಕ್ಸಾಸ್‌ನಲ್ಲಿದ್ದರೆ 1997ರ ಕಾಯ್ದೆ ನೆನಪಿಡಿ: ತರಗತಿಯ ಮೇಲಿನ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜಾಗ ಖಾತ್ರಿ, ಆಸ್ಟಿನ್ ಕ್ಯಾಂಪಸ್‌ಗೆ ಮಾತ್ರ ಈ ಮಿತಿ ಇನ್ನೂ ಬಿಗಿ. ಅಲ್ಲಿ ಶಾಲೆ ಬದಲಿಸುವ ಮುನ್ನ ಯೋಚಿಸಿ. ಅತಿ ಪೈಪೋಟಿಯ ಶಾಲೆಗೆ ಹೋಗಿ ಶೇ. 15ಕ್ಕೆ ಜಾರಿದವರಿಗೆ ಈ ಖಾತ್ರಿ ಇಲ್ಲ.

ಪಟ್ಟಿಯಲ್ಲಿ ಹತ್ತರಿಂದ ಹನ್ನೆರಡು ಕಾಲೇಜು ಸಾಕು: ಮೂರು ಕಷ್ಟದವು, ಐದು ಸಮಬಲದವು, ಮೂರು ಖಚಿತವಾಗಿ ಸಿಗುವಂಥವು. ಶೇ. 10ಕ್ಕಿಂತ ಕಡಿಮೆ ಮಂದಿಗೆ ಪ್ರವೇಶ ಕೊಡುವ ಕಾಲೇಜು ಎಂಥ ಅಂಕವಿದ್ದವರಿಗೂ ‘ಕಷ್ಟದ್ದು’ ಎಂದೇ ಲೆಕ್ಕ.

ಪ್ರಬಂಧ: ಹಿನ್ನೆಲೆ ಎಣಿಕೆಗೆ ಬರುವ ಜಾಗ

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ. ಮೊದಲ ಆಯ್ಕೆಯ ಪ್ರಶ್ನೆಯೇ ಹಿನ್ನೆಲೆ, ಗುರುತು, ಆಸಕ್ತಿಗಳ ಬಗ್ಗೆ ಇದೆ. ಇದಲ್ಲದೆ ಕಾಲೇಜುಗಳು ತಮ್ಮದೇ ಕಿರುಪ್ರಶ್ನೆ ಕೇಳುತ್ತವೆ, ಸಾಮಾನ್ಯವಾಗಿ 150ರಿಂದ 250 ಪದ. ತೀರ್ಪಿನ ನಂತರ ‘ನೀವು ಬೆಳೆದ ಸಮುದಾಯ ನಿಮ್ಮನ್ನು ಹೇಗೆ ರೂಪಿಸಿತು’ ಎಂಬ ಬಗೆಯ ಪ್ರಶ್ನೆಗಳು ಹೆಚ್ಚಾದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ತಲಾ 350 ಪದಗಳಲ್ಲಿ ಉತ್ತರ ಕೇಳುತ್ತದೆ.

ಹಿನ್ನೆಲೆಯ ಬಗ್ಗೆ ಬರೆಯಲೇಬೇಕೆಂದಿಲ್ಲ. ರೋಬೋಟಿಕ್ಸ್ ಬಗ್ಗೆ ಚೆನ್ನಾಗಿ ಬರೆಯಬಲ್ಲ ಹುಡುಗಿ ಅದನ್ನೇ ಬರೆಯಲಿ. ಬರೆಯುವುದಾದರೆ ಕೋರ್ಟಿನ ಷರತ್ತು ನೆನಪಿರಲಿ: ಓದಿದವರಿಗೆ ನಿಮ್ಮ ಒಂದು ಗುಣ ಕಾಣಬೇಕು. ನಮ್ಮ ಮಕ್ಕಳ ಪ್ರಬಂಧಗಳು ಕೆಡುವುದು ಇಲ್ಲೇ. ಅಪ್ಪ ಎರಡು ಸೂಟ್‌ಕೇಸ್ ಹಿಡಿದು ಬಂದದ್ದು, ಅಜ್ಜಿಯ ಅಡುಗೆ, ಶಾಲೆಯಲ್ಲಿ ಡಬ್ಬಿ ತೆರೆದಾಗ ಆದ ನಾಚಿಕೆ, ಎರಡು ಸಂಸ್ಕೃತಿಗಳ ನಡುವಿನ ತೊಳಲಾಟ, ರಜೆಗೆ ಊರಿಗೆ ಹೋದಾಗ ಕಂಡ ಬಡತನ: ಪ್ರವೇಶ ಕಚೇರಿಯವರು ಇವನ್ನು ಪ್ರತಿ ಚಳಿಗಾಲ ರಾಶಿಗಟ್ಟಲೆ ಓದುತ್ತಾರೆ. ವಿಷಯ ಕೆಟ್ಟದ್ದೆಂದಲ್ಲ. ಅದನ್ನು ಓದಿದ ಮೇಲೆ ಅಪ್ಪ ಗಟ್ಟಿಗರು, ಅಜ್ಜಿ ಪ್ರೀತಿಯವರು ಎಂದು ತಿಳಿಯುತ್ತದೆ. ಪ್ರವೇಶ ಕೇಳುತ್ತಿರುವ ಹುಡುಗಿ ಯಾರೆಂದು ತಿಳಿಯುವುದಿಲ್ಲ.

ಕರಡು ಮುಗಿದ ಮೇಲೆ ಹೀಗೆ ಪರೀಕ್ಷಿಸಿ. ಯಾವ ವಾಕ್ಯಗಳಲ್ಲಿ ಕೆಲಸ ಮಾಡಿದವರು ‘ನಾನು’ ಎಂದಿದೆಯೋ ಅವಕ್ಕೆ ಗೆರೆ ಎಳೆಯಿರಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಪ್ರಬಂಧ ಬೇರೆಯವರದ್ದಾಗಿದೆ. ನಂತರ ಊರು, ಹೆಸರು ಬದಲಿಸಿ ಓದಿ. ಕನ್ನಡ ಕೂಟದ ಇನ್ನೊಬ್ಬ ಮಗುವಿಗೂ ಪೂರ್ತಿ ಹೊಂದಿದರೆ ಸಾಲದು. ಕೊನೆಗೆ, ನಿಮ್ಮ ಮನೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ಬರೆದವಳ ಗುಣ ಒಂದೇ ಮಾತಿನಲ್ಲಿ ಹೇಳಿ ಎನ್ನಿ. ‘ಭಾರತೀಯಳು’ ಎಂಬ ಉತ್ತರ ಬಂದರೆ ಮತ್ತೆ ಬರೆಯಬೇಕು.

ಉದಾಹರಣೆಗೆ, ‘ಕನ್ನಡ ಕಲಿಸುವ ಮೂಲಕ ನನ್ನ ಬೇರುಗಳನ್ನು ಅರಿತೆ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಭಾನುವಾರದ ತರಗತಿಯಲ್ಲಿ ಮಕ್ಕಳು ಸರಾಗವಾಗಿ ಮಾತಾಡುತ್ತಿದ್ದರೂ ಒತ್ತಕ್ಷರ ಬಂದ ಕೂಡಲೇ ಓದು ನಿಲ್ಲಿಸುತ್ತಿದ್ದರು ಎಂದು ಗಮನಿಸಿ, ಒತ್ತುಗಳನ್ನು ಬೇರೆ ಬಣ್ಣದಲ್ಲಿ ಬರೆದ ಚೀಟಿಗಳನ್ನು ಮಾಡಿ, ಅದೂ ಫಲಿಸದೆ ಹೋದಾಗ ಅಂಗಡಿಯ ಹೆಸರಿನ ಫಲಕಗಳ ಚಿತ್ರ ತೋರಿಸಿ ಓದಿಸಿದ್ದನ್ನು ಬರೆದರೆ ಗಮನ, ತಾಳ್ಮೆ, ಸೋತ ಮೇಲೆ ದಾರಿ ಬದಲಿಸುವ ಬುದ್ಧಿ ಮೂರೂ ಕಾಣುತ್ತವೆ. ಹಾಸನದಿಂದ ಬಂದ ಅಜ್ಜನಿಗೆ ಆಸ್ಪತ್ರೆಯಲ್ಲಿ ದುಭಾಷಿಯಾಗಿ ನಿಂತವರು, ವೈದ್ಯರ ಯಾವ ಮಾತಿಗೆ ಕನ್ನಡದಲ್ಲಿ ಪದ ಸಿಗಲಿಲ್ಲ, ಆಗ ಏನು ಮಾಡಿದರು ಎಂದು ಬರೆಯಲಿ. 650 ಪದಗಳಲ್ಲಿ ಸಂದರ್ಭಕ್ಕೆ ನೂರು, ಮಾಡಿದ ಕೆಲಸಕ್ಕೆ 350ರಿಂದ 400, ಅದರಿಂದ ಬದಲಾದ ಯೋಚನೆಗೆ ಉಳಿದದ್ದು. ಅಮೆರಿಕದಲ್ಲಿ ಹುಟ್ಟಿದ ಮಗು ಸಂದರ್ಭಕ್ಕೇ ಮುನ್ನೂರು ಪದ ಸುರಿಯುವುದು ಸಾಮಾನ್ಯ, ಏಕೆಂದರೆ ಓದುವವರಿಗೆ ಏನೂ ಗೊತ್ತಿರುವುದಿಲ್ಲ ಎಂಬ ಭಯ. ಒಂದು ವಾಕ್ಯದ ವಿವರಣೆ ಸಾಕು.

ಜನಾಂಗದ ಕಾರಣಕ್ಕೆ ಅವಮಾನ, ಬೆದರಿಕೆ ಆಗಿದ್ದರೆ ಬರೆಯುವ ಹಕ್ಕು ನಿಮಗಿದೆ, ಓದುವ ಅವಕಾಶ ಅವರಿಗಿದೆ. ಘಟನೆಯನ್ನು ಮೂರು ನಾಲ್ಕು ವಾಕ್ಯಗಳಲ್ಲಿ ನೇರವಾಗಿ ಹೇಳಿ, ಆಮೇಲೆ ನೀವು ಮಾಡಿದ್ದೇನು ಎಂಬಲ್ಲಿಗೆ ಬನ್ನಿ. ನೋವಾಗಿಲ್ಲದಿದ್ದರೆ ನೋವು ಹುಡುಕಿಕೊಂಡು ಹೋಗಬೇಡಿ. ಅದು ಬೇಕಾಗಿಯೂ ಇಲ್ಲ.

ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಜಾಗ, ವಿವರಣೆಗೆ ತಲಾ 150 ಅಕ್ಷರ. ಯಕ್ಷಗಾನ ಎಂದು ಬರೆದು ಬಿಟ್ಟರೆ ಓದುವವರಿಗೆ ತಿಳಿಯದು. ಕರಾವಳಿಯ ರಾತ್ರಿಪೂರ್ತಿ ನಡೆಯುವ ನೃತ್ಯನಾಟಕ ಎಂದು ಇಂಗ್ಲಿಷಿನಲ್ಲಿ ಐದಾರು ಪದ ಸೇರಿಸಿ. ರಂಗಪ್ರವೇಶಕ್ಕೆ ಎಷ್ಟು ಖರ್ಚು ಮಾಡಿದಿರಿ, ಎಷ್ಟು ಅತಿಥಿಗಳು ಬಂದರು ಎಂಬುದಕ್ಕೆ ಬೆಲೆಯಿಲ್ಲ. ಎಷ್ಟು ವರ್ಷ, ವಾರಕ್ಕೆ ಎಷ್ಟು ಗಂಟೆ, ಚಿಕ್ಕವರಿಗೆ ಕಲಿಸಿದಿರಾ ಎಂಬುದಕ್ಕಿದೆ. ಮನೆಯಲ್ಲಿ ತಮ್ಮನನ್ನು ನೋಡಿಕೊಂಡದ್ದು, ಅಂಗಡಿಯಲ್ಲಿ ಕೆಲಸ ಮಾಡಿದ್ದು ಇವೂ ಚಟುವಟಿಕೆಗಳೇ. ಮರ್ಯಾದೆಗೆ ಕುಂದು ಎಂದು ನಮ್ಮ ಮನೆಗಳು ಬಿಟ್ಟುಬಿಡುತ್ತವೆ, ಬಿಡಬೇಡಿ.

‘ಸವಾಲು ಮತ್ತು ಪರಿಸ್ಥಿತಿ’ ಎಂಬ 250 ಪದಗಳ ಐಚ್ಛಿಕ ಜಾಗವೂ ಇದೆ. ಅಪ್ಪನ ಕೆಲಸ ಹೋಗಿ ವೀಸಾ ಗಡುವಿನಲ್ಲಿ ಊರು ಬದಲಿಸಬೇಕಾಯಿತು, ಆ ಸೆಮಿಸ್ಟರ್‌ನಲ್ಲಿ ಅಂಕ ಇಳಿಯಿತು ಎಂಬಂಥದ್ದು ಅಲ್ಲಿಗೆ ಸೇರಬೇಕು. ತಿಂಗಳು, ಕಾರಣ, ಪರಿಣಾಮ ಇಷ್ಟನ್ನೇ ಬರೆಯಿರಿ.

ಮೊದಲ ಪದವೀಧರ, ಆದಾಯ, ವೀಸಾ

‘ಫಸ್ಟ್ ಜನರೇಷನ್’ ಎಂದರೆ ಅಮೆರಿಕಕ್ಕೆ ಮೊದಲು ಬಂದವರು ಎಂದಲ್ಲ. ತಂದೆತಾಯಿಗಳಲ್ಲಿ ಯಾರಿಗೂ ಪದವಿ ಇಲ್ಲದ ಮನೆಯ ಮಗು ಎಂದು. ಅಪ್ಪನ ಬಿ.ಇ. ಸುರತ್ಕಲ್‌ನದಾದರೂ ಪದವಿ ಪದವಿಯೇ. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ಐಟಿಐ, ಅಮ್ಮ ಪಿಯುಸಿ ಮಾತ್ರ ಓದಿದ್ದರೆ ಖಂಡಿತ ಹೇಳಿ, ಇದಕ್ಕೆ ತೂಕವಿದೆ. ನಾಲ್ವರ ಕುಟುಂಬದ ವಾರ್ಷಿಕ ಆದಾಯ 65,000 ಡಾಲರ್‌ಗಿಂತ ಕಡಿಮೆಯಿದ್ದರೆ ‘ಕ್ವೆಸ್ಟ್‌ಬ್ರಿಜ್’ ಎಂಬ ವಿದ್ಯಾರ್ಥಿವೇತನ ಸಂಸ್ಥೆಯ ಅರ್ಜಿ ನೋಡಿ. ಆಯ್ಕೆಯಾಗಿ ಕಾಲೇಜಿನ ಜೊತೆ ಹೊಂದಾಣಿಕೆಯಾದವರಿಗೆ ನಾಲ್ಕು ವರ್ಷದ ಪೂರ್ತಿ ವೆಚ್ಚ ಸಿಗುತ್ತದೆ. ಅದರ ಗಡುವು ಸೆಪ್ಟೆಂಬರ್ ಕೊನೆಗೇ ಬಂದುಬಿಡುತ್ತದೆ.

ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗಿಗಳ ಅವಲಂಬಿತರ ವೀಸಾ) ಇರುವ ಮಕ್ಕಳಿಗೆ ಜನಾಂಗಕ್ಕಿಂತ ವೀಸಾ ದೊಡ್ಡ ಪ್ರಶ್ನೆ. ಒಂದನೇ ತರಗತಿಯಿಂದ ಅಲ್ಲೇ ಓದಿದ್ದರೂ ಸರ್ಕಾರಿ ಅಂಕಿಅಂಶದಲ್ಲಿ ಅವರು ‘ಏಷ್ಯನ್’ ಅಲ್ಲ, ಅನಿವಾಸಿಗಳು. ಫಾಫ್ಸಾ ಎಂಬ ಅರ್ಜಿಯ ಮೂಲಕ ಸಿಗುವ ಅಮೆರಿಕದ ಕೇಂದ್ರ ಸರ್ಕಾರದ ನೆರವು ಅವರಿಗಿಲ್ಲ, ಮತ್ತು ಹಲವು ಖಾಸಗಿ ಕಾಲೇಜುಗಳು ಹಣಕಾಸಿನ ನೆರವಿಗೆ ಅವರನ್ನು ವಿದೇಶಿ ಗುಂಪಿಗೆ ಸೇರಿಸುತ್ತವೆ. ಪ್ರತಿ ಕಾಲೇಜಿಗೂ ಬರೆದು ಕೇಳಿ: ಪ್ರವೇಶಕ್ಕೆ ನನ್ನನ್ನು ಯಾವ ಗುಂಪಿನಲ್ಲಿ ಓದುತ್ತೀರಿ, ನೆರವಿಗೆ ಯಾವ ಗುಂಪಿನಲ್ಲಿ? ಉತ್ತರ ಎರಡಕ್ಕೂ ಬೇರೆ ಇರಬಹುದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ವಾಸದ ನಿಯಮ ಪೂರೈಸಿದ ಎಚ್-4 ವಿದ್ಯಾರ್ಥಿಗಳಿಗೆ ರಾಜ್ಯದವರ ಶುಲ್ಕವೇ ಅನ್ವಯವಾಗಬಲ್ಲದು. 21 ತುಂಬಿದ ಮೇಲೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕಾದರೆ ಆ ಶುಲ್ಕ ಉಳಿಯುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ.

ಕರ್ನಾಟಕದಿಂದ ಅರ್ಜಿ ಹಾಕುವವರು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ಜನಾಂಗದ ವರ್ಗಗಳು ಅನ್ವಯಿಸುವುದೇ ಇಲ್ಲ. ನಿಮ್ಮನ್ನು ಹೋಲಿಸುವುದು ವಿದೇಶಿ ಅರ್ಜಿದಾರರ ಜೊತೆ, ಅದರಲ್ಲೂ ಭಾರತದವರ ಜೊತೆ. ಅಲ್ಲಿ ಅವಕಾಶ ನಿರ್ಧರಿಸುವ ದೊಡ್ಡ ಅಂಶ ಹಣ. ವಿದೇಶಿಯರು ನೆರವು ಕೇಳಿದರೂ ಅದನ್ನು ನೋಡದೆ ಪ್ರವೇಶ ನಿರ್ಧರಿಸುವ ಕಾಲೇಜುಗಳು ಕೆಲವೇ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಅಮ್ಹರ್ಸ್ಟ್, ಡಾರ್ಟ್‌ಮತ್, ಬೊಡನ್, ಬ್ರೌನ್ ಅವುಗಳಲ್ಲಿ ಸೇರಿವೆ. ಉಳಿದೆಡೆ ಹೆಚ್ಚು ನೆರವು ಕೇಳಿದಷ್ಟೂ ಬಾಗಿಲು ಕಿರಿದಾಗುತ್ತದೆ. ಆದರೂ ಬೇಕಾದಷ್ಟನ್ನು ಮೊದಲೇ ಕೇಳಿ. ಸೇರಿದ ಮೇಲೆ ಕೇಳಿದರೆ ಕೊಡದಿರುವ ಕಾಲೇಜುಗಳೇ ಹೆಚ್ಚು.

ಅಮೆರಿಕದ ಕಾಲೇಜುಗಳಿಗೆ ಒಂಬತ್ತರಿಂದ ಹನ್ನೆರಡರವರೆಗಿನ ಅಂಕಪಟ್ಟಿ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿಯದು ಇರುತ್ತದೆ. ಒಂಬತ್ತನೆಯದನ್ನು ಹಳೆಯ ಶಾಲೆಯಿಂದ ತೆಗೆಸಬೇಕು, ಬೇಸಿಗೆ ರಜೆಗೆ ಮುಂಚೆ ಹೋಗಿ. ಅರ್ಜಿ ಕಳಿಸುವಾಗ ದ್ವಿತೀಯ ಪಿಯುಸಿ ಫಲಿತಾಂಶ ಬಂದಿರುವುದಿಲ್ಲ, ಹಾಗಾಗಿ ನಿಮ್ಮ ಪಿಯು ಕಾಲೇಜಿನವರು ನಿರೀಕ್ಷಿತ ಅಂಕ ಬರೆದುಕೊಡಬೇಕು. ಬಹುತೇಕ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಇರುವುದಿಲ್ಲ; ಪ್ರಾಂಶುಪಾಲರು ಅಥವಾ ಒಬ್ಬ ಉಪನ್ಯಾಸಕರು ಆ ಪಾತ್ರ ವಹಿಸಬಹುದು, ಆದರೆ ಅವರ ಸ್ವಂತ ಇಮೇಲ್ ಇರಲಿ. ಜೊತೆಗೆ ಕಾಲೇಜಿನ ಪರಿಚಯದ ಒಂದು ಪುಟ ತಯಾರಿಸಿ ಸಹಿ ಮಾಡಿಸಿ: ಎಷ್ಟು ವಿದ್ಯಾರ್ಥಿಗಳು, ಯಾವ ಪಠ್ಯಕ್ರಮ, ಬೋಧನಾ ಮಾಧ್ಯಮ, ಉತ್ತೀರ್ಣಕ್ಕೆ ಎಷ್ಟು ಅಂಕ, ಕಳೆದ ವರ್ಷ ಮೊದಲಿಗರಿಗೆ ಬಂದದ್ದೆಷ್ಟು. ಹಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ಬಂದ ಶೇ. 91ರ ಬೆಲೆ ಓದುವವರಿಗೆ ತಿಳಿಯುವುದು ಈ ಪುಟದಿಂದ.

ಜಾತಿ ಪ್ರಮಾಣಪತ್ರ ಲಗತ್ತಿಸಬೇಡಿ, ಅದಕ್ಕೆ ಅಲ್ಲಿ ಕಾಲಂ ಇಲ್ಲ. ಆದರೆ ಜಾತಿ ನಿಮ್ಮ ಓದಿನ ದಾರಿಯನ್ನು ತಡೆದಿದ್ದರೆ, ಅಥವಾ ಸೋಲಿಗ, ಜೇನುಕುರುಬ, ಕೊರಗ ಹಾಡಿಗಳಿಂದ ಬಂದವರಾಗಿದ್ದರೆ, ಅದು ಹೇಳಬೇಕಾದ ವಿಷಯ. ಓದುವವರಿಗೆ ಜಾತಿಯ ಒಳಸುಳಿಗಳು ಗೊತ್ತಿಲ್ಲ ಎಂದಿಟ್ಟುಕೊಂಡೇ ಬರೆಯಿರಿ: ಸಮುದಾಯದ ಹೆಸರು, ಅದು ಇರುವ ಕಾಡು ಅಥವಾ ಕರಾವಳಿ, ಹತ್ತಿರದ ಹೈಸ್ಕೂಲು ಎಷ್ಟು ದೂರ, ನೀವು ಹೇಗೆ ಹೋಗುತ್ತಿದ್ದಿರಿ. ಶಿಫಾರಸು ಪತ್ರ ಬರೆಯುವ ಉಪನ್ಯಾಸಕರೂ ಅದನ್ನು ತಮ್ಮ ಕಣ್ಣಲ್ಲಿ ಕಂಡಂತೆ ಹೇಳಬಹುದು. ಕ್ಯಾಂಪಸ್‌ನಲ್ಲಿ ರಕ್ಷಣೆಯ ಮಾತು ಬೇರೆ: ಬ್ರಾಂಡೈಸ್ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತಮ್ಮ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನು ಸೇರಿಸಿದವು. ಪರಿಶಿಷ್ಟ ಜಾತಿ, ಪಂಗಡದವರು ರಾಜ್ಯ ಸರ್ಕಾರದ ‘ಪ್ರಬುದ್ಧ’ ವಿದೇಶಿ ವ್ಯಾಸಂಗ ಯೋಜನೆಯನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಲಿ; ಜಾತಿ ಪ್ರಮಾಣಪತ್ರ ಕೆಲಸಕ್ಕೆ ಬರುವುದು ಅಲ್ಲಿ. ಕೇಂದ್ರದ ರಾಷ್ಟ್ರೀಯ ವಿದೇಶಿ ವಿದ್ಯಾರ್ಥಿವೇತನ ಸ್ನಾತಕೋತ್ತರ ಪದವಿ ಮತ್ತು ಪಿಎಚ್‌.ಡಿ.ಗೆ ಮಾತ್ರ, ಮೊದಲ ಪದವಿಗೆ ಸಿಗುವುದಿಲ್ಲ.

ತಾರೀಖುಗಳು, ಮತ್ತು ನಿರಾಕರಣೆ ಬಂದಾಗ

ಅರ್ಲಿ ಡಿಸಿಷನ್‌ಗೆ ಸಾಮಾನ್ಯವಾಗಿ ನವೆಂಬರ್ 1, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನವೆಂಬರ್ ಕೊನೆ, ಉಳಿದವಕ್ಕೆ ಜನವರಿ ಮೊದಲ ವಾರ. ಶಿಫಾರಸು ಕೇಳುವುದು ಹನ್ನೊಂದನೇ ತರಗತಿಯ ಮೇ ತಿಂಗಳಲ್ಲಿ. ಅರ್ಲಿ ಡಿಸಿಷನ್‌ನಲ್ಲಿ ಸಿಕ್ಕರೆ ಸೇರಲೇಬೇಕು, ಬೇರೆ ಕಾಲೇಜುಗಳ ನೆರವಿನ ಜೊತೆ ಹೋಲಿಸಿ ನೋಡಲಾಗದು. ಹಣದ ಚಿಂತೆಯಿದ್ದವರು ಕಾಲೇಜಿನ ವೆಚ್ಚ ಅಂದಾಜಿನ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕದೆ ಇದಕ್ಕೆ ಕೈಹಾಕಬಾರದು.

ನಿರಾಕರಣೆಯ ಪತ್ರದಲ್ಲಿ ಕಾರಣ ಇರುವುದಿಲ್ಲ. ಹೆಚ್ಚು ಅಂಕದ ನಮ್ಮ ಹುಡುಗನಿಗೆ ಸಿಗದೆ ಕಡಿಮೆ ಅಂಕದ ಇನ್ನೊಬ್ಬನಿಗೆ ಸಿಕ್ಕರೆ ಅದೊಂದೇ ತಾರತಮ್ಯಕ್ಕೆ ಸಾಕ್ಷಿಯಾಗದು, ಆ ಇನ್ನೊಬ್ಬನ ಪ್ರಬಂಧ ನೀವು ಓದಿಲ್ಲ. ಪಕ್ಕದ ಮನೆಯ ಕಪ್ಪು ಅಥವಾ ಹಿಸ್ಪಾನಿಕ್ ಸಹಪಾಠಿಯ ಸೀಟಿನ ಬಗ್ಗೆ ಮಕ್ಕಳ ಮುಂದೆ ಹಗುರಾಗಿ ಮಾತಾಡಬೇಡಿ. ಸಂದರ್ಶಕರು ಅಥವಾ ಸಿಬ್ಬಂದಿ ಜನಾಂಗದ ಬಗ್ಗೆ ನೇರವಾಗಿ ಏನಾದರೂ ಹೇಳಿದ್ದರೆ ವಿಷಯ ಬೇರೆ. ಅಂದೇ ತಾರೀಖು, ಆಡಿದ ಮಾತು ಬರೆದಿಟ್ಟುಕೊಂಡು, ಮೊದಲು ಕಾಲೇಜಿಗೆ, ನಂತರ ಅಗತ್ಯವಿದ್ದರೆ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು. ಘಟನೆ ನಡೆದು 180 ದಿನದೊಳಗೆ ಕೊಡಬೇಕು.

ಕ್ಯಾಲಿಫೋರ್ನಿಯಾದಲ್ಲಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಯಸಿದ ಕ್ಯಾಂಪಸ್ ಸಿಗದವರಿಗೆ ಕಮ್ಯುನಿಟಿ ಕಾಲೇಜಿನ ದಾರಿಯಿದೆ. ಅಲ್ಲಿ ಎರಡು ವರ್ಷ ಓದಿ ನಿಗದಿತ ಕೋರ್ಸು ಮತ್ತು ಜಿಪಿಎ (ಸರಾಸರಿ ಗ್ರೇಡ್) ಪೂರೈಸಿದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರರಲ್ಲಿ ಒಂದಕ್ಕೆ ಖಾತ್ರಿ ಪ್ರವೇಶದ ಒಪ್ಪಂದ ಮಾಡಿಕೊಳ್ಳಬಹುದು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊಗಳಿಗೆ ಖಾತ್ರಿಯಿಲ್ಲ, ಅರ್ಜಿ ಹಾಕಬಹುದು. ಒಪ್ಪಂದದ ಅರ್ಜಿ ಸಲ್ಲಿಸುವುದು ವರ್ಗಾವಣೆಗೆ ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ 30ರೊಳಗೆ. ಪ್ರತಿ ವಿಭಾಗಕ್ಕೂ ಬೇಕಾದ ಜಿಪಿಎ ಬೇರೆ, ಕೆಲವು ಕ್ಯಾಂಪಸ್‌ಗಳು ಕಂಪ್ಯೂಟರ್ ಸೈನ್ಸ್ ಅನ್ನು ಈ ಒಪ್ಪಂದದಿಂದ ಹೊರಗಿಟ್ಟಿವೆ. ಹಾಗಾಗಿ ಮೊದಲ ಸೆಮಿಸ್ಟರ್‌ನ ಕೋರ್ಸು ಆರಿಸುವ ಮುನ್ನವೇ ವರ್ಗಾವಣೆ ಸಲಹೆಗಾರರ ಬಳಿ ಕೂತು ಪಟ್ಟಿ ಮಾಡಿಸಿಕೊಳ್ಳಿ.